ಕಡಲ ತಳದ ಪುಟ್ಟ ಮನೆ

ಹಕ್ಕಿಗೆ ಗೂಡು, ಹಾವಿಗೆ ಹುತ್ತ, ಹುಲಿಗೆ ಗುಹೆ. ಆಹಾರದಷ್ಟೇ ಆಸರೆಯೂ ಪ್ರಾಣಿಗಳಿಗೆ ಅವಶ್ಯಕ. ನೀರೊಳಗಿನ ಜೀವಿಗಳಿಗೂ ಈ ಮಾತು ಸಲ್ಲುತ್ತದೆ. ಮುಳ್ಳು ಲಾಬ್‌ಸ್ಟರಿನ ಬಾಳು ಇದಕ್ಕೆ ಒಳ್ಳೆಯ ನಿದರ್ಶನ.

ಲಾಬ್‌ಸ್ಟರ್ ಸಿಗಡಿ, ಏಡಿಗಳ ಬಳಗಕ್ಕೆ ಸೇರಿದ ಹತ್ತು ಕಾಲುಗಳ ಪ್ರಾಣಿ. ಮುಳ್ಳು ಲಾಬ್‌ಸ್ಟರಿಗೆ ಏಡಿಯಂತೆ ಬಲವಾದ ಇಕ್ಕುಳಗಳಿಲ್ಲ. ಮೈಮೇಲಿನ ಮುಳ್ಳುಗಳೇ ಅದರ ಆಯುಧ. ಇದರ ಕೆಲವು ಜಾತಿಗಳು ಭಾರತದ ಪಶ್ಚಿಮ ಕರಾವಳಿಯಲ್ಲಿಯೂ ಇವೆ. ಇಲ್ಲಿ ಹೇಳಹೊರಟಿರುವುದು ಕೆರಿಬಿಯನ್ ಸಮುದ್ರದ ಜಾತಿಯ ಕಥೆ.

ಮೊಟ್ಟೆಯೊಡೆದು ಹೊರಬಂದ ಮರಿಯು ಗಾಜಿನ ಎಲೆಯಂತೆ ಚಪ್ಪಟೆಯಾಗಿ, ಪಾರದರ್ಶಕವಾಗಿರುತ್ತದೆ. ಅದು ಹಲವು ತಿಂಗಳ ಕಾಲ ಪ್ರವಾಹದೊಡನೆ ತೆರೆದ ಕಡಲಿನಲ್ಲಿ ತೇಲುತ್ತದೆ. ಅನಂತರ ರೂಪಾಂತರ ಹೊಂದಿ, ಇರುಳಿನಲ್ಲಿ ಈಜಿ ಬಂದು, ದಡದ ಬಳಿಯ ಪಾಚಿಯ ಪೊದೆಗಳಲ್ಲಿ ಅಡಗುತ್ತದೆ. ಬೆನ್ನ ಚಿಪ್ಪು ಸುಮಾರು 15 ಮಿಲಿಮೀಟರ್ ಉದ್ದವಾದಾಗ ಪಾಚಿಯ ಮರೆ ಸಾಲದಾಗುತ್ತದೆ. ಆಗ ಅದು ಸ್ಪಂಜುಗಳ ಅಡಿಯನ್ನೋ ಬಂಡೆಯ ಬಿರುಕನ್ನೋ ಅರಸುತ್ತದೆ. ದೊರೆಯದಿದ್ದರೆ ಆಕ್ಟೋಪಸ್ಸಿಗೋ ದೊಡ್ಡ ಮೀನಿಗೋ ತುತ್ತಾಗುವುದೇ ಹೆಚ್ಚು.

1991 ಮತ್ತು 1992ರಲ್ಲಿ ಅಮೆರಿಕದ ಫ್ಲಾರಿಡ ಕೊಲ್ಲಿಯಲ್ಲಿ ನೀಲಿ-ಹಸುರು ಸೂಕ್ಷ್ಮಜೀವಿಗಳು ಮಿತಿಮೀರಿ ಬೆಳೆದು ಸ್ಪಂಜುಗಳು ದೊಡ್ಡ ಪ್ರಮಾಣದಲ್ಲಿ ಸತ್ತವು. ಅವುಗಳನ್ನು ನೆಚ್ಚಿದ್ದ ಮರಿಗಳು ನೆಲೆ ಕಳೆದುಕೊಂಡವು. ವಿಜ್ಞಾನಿಗಳು ರಂಧ್ರಗಳುಳ್ಳ ಕಾಂಕ್ರೀಟ್ ಇಟ್ಟಿಗೆಗಳನ್ನು ಕಡಲ ತಳದಲ್ಲಿ ಇರಿಸಿ ನೋಡಿದಾಗ, ಮರಿಗಳು ಅವುಗಳಲ್ಲಿ ಬಂದು ನೆಲೆಸಿದವು. ಮನುಷ್ಯನು ನಿರ್ಮಿಸಿದ ಆಸರೆಯೂ ಪ್ರಕೃತಿಯ ಆಸರೆಗೆ ಬದಲಾಗಿ ನಿಲ್ಲಬಲ್ಲದೆಂಬುದು ಇದರಿಂದ ತಿಳಿಯಿತು.

ಕೆರಿಬಿಯನ್ ಮೀನುಗಾರರಿಗಾದರೋ ಇದು ಹೊಸ ಸಂಗತಿಯಲ್ಲ. ಮೆಕ್ಸಿಕೋ ದೇಶದ ಅಸೆನ್ಸಿಯಾನ್ ಕೊಲ್ಲಿಯಲ್ಲಿ ಮೊದಲು ತಾಳೆಯ ಜಾತಿಯ ಮರದ ಕಾಂಡಗಳಿಂದ, ಬಳಿಕ ಸಿಮೆಂಟಿನಿಂದ, ತಗ್ಗಾದ ಚಾವಣಿಗಳನ್ನು ಕಟ್ಟಿ ನೀರಿನ ತಳದಲ್ಲಿ ಇಡುತ್ತ ಬಂದಿದ್ದಾರೆ. ಇವುಗಳಿಗೆ 'ಕಸೀತ' ಎಂದು ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ಪುಟ್ಟ ಮನೆ ಎಂದು ಇದರ ಅರ್ಥ. ಬಾಗಿಲು ತಗ್ಗಾಗಿರುವುದೇ ಈ ಮನೆಯ ಗುಟ್ಟು. ಲಾಬ್‌ಸ್ಟರ್ ಒಳಹೋಗಬಲ್ಲದು, ಅದನ್ನು ತಿನ್ನುವ ದೊಡ್ಡ ಮೀನು ಹೋಗಲಾರದು. ಬಾಗಿಲು ಎತ್ತರವಾದರೆ ಮರಿಗೆ ಅದೇ ಮೃತ್ಯುದ್ವಾರ. ಆದುದರಿಂದ ಮನೆಯ ಅಳತೆಯು ಅದರಲ್ಲಿ ವಾಸಿಸುವ ಜೀವಿಯ ಅಳತೆಗೆ ತಕ್ಕಂತಿರಬೇಕು.

ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮೀನುಗಾರನು ಈ ಮನೆಯನ್ನು ಕಟ್ಟುವುದು ಲಾಬ್‌ಸ್ಟರುಗಳನ್ನು ಹಿಡಿಯಲೆಂದೇ ಅಲ್ಲವೆ? ಹಲವು ಜೀವಿಗಳು ಒಂದೆಡೆ ಕೂಡಿದಾಗ ಅವನ್ನು ಬರಿದುಮಾಡುವುದು ಬಲು ಸುಲಭ. ಮೀನುಗಾರಿಕೆಗಾಗಿ ಇಂತಹ ಆಸರೆಗಳನ್ನು ಇಡುವುದನ್ನು ಫ್ಲಾರಿಡದಲ್ಲಿ ಕಾನೂನು ನಿಷೇಧಿಸಿದೆ.

ಅಸೆನ್ಸಿಯಾನ್ ಕೊಲ್ಲಿಯ ಸಹಕಾರ ಸಂಘದವರು ಬೇರೊಂದು ದಾರಿ ಹಿಡಿದರು. ನಮ್ಮ ರೈತರು ಹೊಲಗಳನ್ನು ಹಂಚಿಕೊಳ್ಳುವಂತೆ ಅವರು ಕಡಲ ತಳವನ್ನು ಹಂಚಿಕೊಂಡರು. ತನ್ನ ಪಾಲಿನ ನೆಲೆಯಲ್ಲಿ ಇಂದು ಬಿಟ್ಟ ಮರಿ ನಾಳೆ ತನಗೇ ದೊರೆಯಬಹುದೆಂಬ ನಂಬಿಕೆ ಪ್ರತಿಯೊಬ್ಬನಿಗೂ ಇರುತ್ತದೆ. ಅವರು ಮುಳುಗಿ, ಲಾಬ್‌ಸ್ಟರುಗಳನ್ನು ಜೀವಂತವಾಗಿ ಹಿಡಿಯುತ್ತಾರೆ. ಎಳೆಯವನ್ನೂ ಮೊಟ್ಟೆ ಹೊತ್ತ ಹೆಣ್ಣುಗಳನ್ನೂ ಅಲ್ಲಿಯೇ ಬಿಡಬೇಕೆಂಬುದು ನಿಯಮ. ಮಾರ್ಚ್‌ನಿಂದ ಜೂನ್‌ವರೆಗೆ ಅಲ್ಲಿ ಲಾಬ್‌ಸ್ಟರ್ ಹಿಡಿಯುವುದೇ ನಿಷಿದ್ಧ.

ಒಂದೇ ಚಾವಣಿ ಒಬ್ಬನ ಕೈಯಲ್ಲಿ ಬೋನಾಗುತ್ತದೆ, ಇನ್ನೊಬ್ಬನ ಕೈಯಲ್ಲಿ ಮನೆಯಾಗುತ್ತದೆ. ಆಸರೆಯನ್ನು ಕಟ್ಟಲು ಸಿಮೆಂಟು ಸಾಕು. ಅದನ್ನು ಆಸರೆಯಾಗಿ ಉಳಿಸಲು ಸಂಯಮ ಬೇಕು.