ದೇವರ ವಾಕ್ಯ ಕಣಿ ಹೇಳುವುದಿಲ್ಲ



ಗೊಬ್ಬೂರಿನ ಸೀಮೆಯಲ್ಲಿ ಮಳೆ ತಡವಾದರೆ ತೊಗರಿ ಬಿತ್ತಬೇಕೋ ಬೇಡವೋ ಎಂಬ ಚಿಂತೆ. ಮಗಳ ಮದುವೆ, ಕಲಬುರಗಿಯ ಆಸ್ಪತ್ರೆಯಲ್ಲಿ ಆಪರೇಷನ್ ಎಂದರೂ ಅದೇ ಆತಂಕ. ಆಗ ಕೆಲವರು ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳು ಬಿದ್ದ ವಾಕ್ಯವೇ ದೇವರ ಉತ್ತರವೆಂದು ನಂಬುತ್ತಾರೆ. ಗಿಣಿಶಾಸ್ತ್ರಕ್ಕೂ ಇದಕ್ಕೂ ವ್ಯತ್ಯಾಸವೇನು? ಹೀಗೆ ಸಿಕ್ಕ ಒಂದು ಸಾಲನ್ನು ನಂಬಿ ಆಪರೇಷನ್ ಮುಂದೂಡಿದರೆ ಜೀವಕ್ಕೇ ಅಪಾಯವಲ್ಲವೇ?

ಸಂತ ಅಗಸ್ಟೀನರೂ ಹೀಗೇ ತೆರೆದು ಓದಲಿಲ್ಲವೇ ಎಂದು ನೀವು ಕೇಳಬಹುದು. ನಿಜ, 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಸಂತ ಪೌಲರ ಪತ್ರ ತೆರೆದಾಗ ಕಂಡ ಮಾತು ಅವರ ಬಾಳನ್ನೇ ಬದಲಿಸಿತು. ಆದರೆ ಅವರು ಹುಡುಕುತ್ತಿದ್ದುದು ಭವಿಷ್ಯವನ್ನಲ್ಲ, ಹಳೆಯ ಬಾಳನ್ನು ಬಿಡುವ ಬಲವನ್ನು. ಮುಂದೆ ಧರ್ಮಾಧ್ಯಕ್ಷರಾದ ಅವರೇ, ಲೌಕಿಕ ವ್ಯವಹಾರಗಳಿಗಾಗಿ ಶುಭಸಂದೇಶದ ಪುಟಗಳಲ್ಲಿ ಶಕುನ ನೋಡುವುದು ತಮಗೆ ಒಪ್ಪಿಗೆಯಿಲ್ಲವೆಂದು ಪತ್ರ ಬರೆದರು.

ಹಾಗಾದರೆ ಕಷ್ಟ ಬಂದಾಗ ಬೈಬಲ್ ತೆರೆಯಬಾರದೇ? ಖಂಡಿತ ತೆರೆಯಿರಿ. 12ನೇ ಶತಮಾನದ ಸನ್ಯಾಸಿ ಎರಡನೇ ಗ್ವಿಗೋ ಇದಕ್ಕೆ ನಾಲ್ಕು ಮೆಟ್ಟಿಲುಗಳನ್ನು ತೋರಿಸಿದ್ದಾರೆ:

ವಾಚನ: ಆ ದಿನದ ಬಲಿಪೂಜೆಯ ಶುಭಸಂದೇಶವನ್ನು ಹಿಂದುಮುಂದಿನ ಸಂದರ್ಭ ತಿಳಿದು ನಿಧಾನವಾಗಿ ಓದಿ.
ಮನನ: ಮನಸ್ಸಿಗೆ ತಟ್ಟಿದ ಮಾತನ್ನು ಮೆಲುಕು ಹಾಕಿ.
ಪ್ರಾರ್ಥನೆ: ನಿಮ್ಮ ಭಯವನ್ನು ದೇವರ ಮುಂದೆ ಬಿಚ್ಚಿಡಿ.
ಧ್ಯಾನ: ಮಾತು ನಿಲ್ಲಿಸಿ ಅವರ ಸನ್ನಿಧಿಯಲ್ಲಿ ಸುಮ್ಮನಿರಿ.

ಬಳಿಕ ಬಿತ್ತನೆಗೆ ಅನುಭವಿ ರೈತರನ್ನು, ಆಪರೇಷನ್ನಿಗೆ ವೈದ್ಯರನ್ನು, ಮದುವೆಗೆ ಮಗಳನ್ನೇ ಕೇಳಿ. ಅವರ ಮಾತನ್ನು ಹೆದರದೆ ಕೇಳಿ ತೀರ್ಮಾನಿಸುವ ಶಾಂತಿಯನ್ನು ಪ್ರಾರ್ಥನೆ ಕೊಡುತ್ತದೆ. ಇಂದು ರಾತ್ರಿ ಜಪಸರದ ನಂತರ ಮನೆಮಂದಿಯೆಲ್ಲ ಹತ್ತು ನಿಮಿಷ ಹೀಗೆ ಕೂತು ನೋಡಿ.