ಎರಡು ಚುಕ್ಕಿ, ಒಂದು ಅಳತೆ

ಮಳವಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ಶಿವನಸಮುದ್ರದ ಎರಡು ಜಲಪಾತಗಳನ್ನು ಹೋಲಿಸಿ ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆಯಲು ಹೇಳಿದ್ದೆ. ಒಬ್ಬ ಹುಡುಗಿ ಬರೆದ ಮೊದಲ ಎರಡು ವಾಕ್ಯ ಹೀಗಿದ್ದವು: ‘ಗಗನಚುಕ್ಕಿ ಈಸ್ ವೆರಿ ಹೈ. ಇನ್ ಕಾಂಟ್ರಾಸ್ಟ್, ಭರಚುಕ್ಕಿ ಈಸ್ ಇನ್ ಚಾಮರಾಜನಗರ ಡಿಸ್ಟ್ರಿಕ್ಟ್.’ ಕಾಗುಣಿತದ ತಪ್ಪಿಲ್ಲ, ವ್ಯಾಕರಣದ ತಪ್ಪಿಲ್ಲ, ಅಲ್ಪವಿರಾಮ ಕೂಡ ಇರಬೇಕಾದ ಜಾಗದಲ್ಲೇ ಇದೆ. ಎರಡು ವಾಕ್ಯಗಳೂ ನಿಜ. ಆದರೂ ಓದಿದವರಿಗೆ ಕಾಲು ಜಾರಿದ ಹಾಗಾಗುತ್ತದೆ.

ಪೋಷಕರ ಸಭೆಯ ದಿನ ಆಕೆಯ ತಾಯಿಗೆ ಈ ಪುಟ ತೋರಿಸಿದೆ. ‘ನಮಗೆ ಇಂಗ್ಲಿಷ್ ಬರಾಕಿಲ್ಲ ಮೇಷ್ಟ್ರೇ, ಮನೇಲಿ ನಾವೇನ್ ಹೇಳ್ಕೊಡಾದು?’ ಎಂದರು. ನಾನು ಇಂಗ್ಲಿಷ್ ಬಿಟ್ಟು ಅದನ್ನೇ ಕನ್ನಡದಲ್ಲಿ ಓದಿದೆ: ‘ಗಗನಚುಕ್ಕಿ ತುಂಬ ಎತ್ತರ. ಭರಚುಕ್ಕಿಯಾದರೋ ಚಾಮರಾಜನಗರ ಜಿಲ್ಲೆಯಲ್ಲಿದೆ.’ ಅವರು ತಕ್ಷಣ ನಕ್ಕರು. ‘ಎತ್ರುಕ್ಕೂ ಜಿಲ್ಲೆಗೂ ಏನ್ ಸಂಬಂಧ?’ ತಪ್ಪನ್ನು ಹಿಡಿದವರು ಅವರೇ. ಅದಕ್ಕೆ ಅವರಿಗೆ ಬೇಕಾದ ಭಾಷೆ ಅವರ ಬಳಿ ಮೊದಲಿಂದಲೇ ಇತ್ತು.

ಈ ಬರಹ ಆ ತಾಯಿಯಂಥ ಪೋಷಕರಿಗಾಗಿ.

ಸಿಮಿಲರ್ಲಿ, ಲೈಕ್‌ವೈಸ್, ಹೌಎವರ್, ಇನ್ ಕಾಂಟ್ರಾಸ್ಟ್, ಆನ್ ದಿ ಅದರ್ ಹ್ಯಾಂಡ್ ಇವೆಲ್ಲ ಒಂದು ವಾಕ್ಯದ ವಿಚಾರವನ್ನು ಮುಂದಿನ ವಾಕ್ಯದ ವಿಚಾರಕ್ಕೆ ಹೊಂದಿಸುವ ಮಾತುಗಳು. ಶಾಲೆಯಲ್ಲಿ ಇವನ್ನು ‘ಲಿಂಕರ್ಸ್’ ಎನ್ನುತ್ತಾರೆ. ದ್ವಿತೀಯ ಪಿಯುಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಬಿಟ್ಟ ಸ್ಥಳಕ್ಕೆ ಸರಿಯಾದ ಲಿಂಕರ್ ತುಂಬುವ ಪ್ರಶ್ನೆಯೇ ಬರುತ್ತದೆ. ಅದಕ್ಕಾಗಿ ಮೂವತ್ತು ನಲವತ್ತು ಪದಗಳ ಪಟ್ಟಿಯನ್ನು ಮಕ್ಕಳ ಕೈಯಲ್ಲಿ ಉರು ಹೊಡೆಸುತ್ತಾರೆ. ಅದು ಬೇಡವೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಮೇಲಿನ ಹುಡುಗಿಗೆ ಪಟ್ಟಿ ಬಾಯಿಪಾಠ ಬರುತ್ತಿತ್ತು. ಅವಳಿಗೆ ತಪ್ಪಿದ್ದು ಅಳತೆ.

ನಿಮ್ಮ ಮಗು ಕನ್ನಡ ಪಠ್ಯದಲ್ಲಿ ಉಪಮಾಲಂಕಾರ ಓದಿರುತ್ತದೆ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ಅದರಲ್ಲಿ ನಾಲ್ಕು ಭಾಗ. ಅಂತೆ, ಹಾಗೆ, ವೋಲು ಇವು ವಾಚಕಗಳು. ಆದರೆ ಹೋಲಿಕೆ ನಿಲ್ಲುವುದು ಸಮಾನಧರ್ಮದ ಮೇಲೆ, ಅಂದರೆ ಎರಡಕ್ಕೂ ಸಲ್ಲುವ ಒಂದು ಗುಣದ ಮೇಲೆ. ಇದು ಕಾವ್ಯಕ್ಕೆ ಮಾತ್ರ ಬೇಕಾದ ಪಾಠ ಎಂದು ಮಕ್ಕಳು ತಿಳಿಯುತ್ತಾರೆ. ಇಂಗ್ಲಿಷ್ ಪ್ರಬಂಧಕ್ಕೂ ಇದೇ ಅಡಿಪಾಯ. ಹೋಲಿಕೆ ಇರಲಿ, ವ್ಯತ್ಯಾಸ ಇರಲಿ, ಎರಡು ವಸ್ತುಗಳನ್ನು ಒಂದೇ ಅಳತೆಯಲ್ಲಿ ಅಳೆಯಬೇಕು. ಭತ್ತವನ್ನು ಸೇರಿನಲ್ಲೂ ಬಟ್ಟೆಯನ್ನು ಮೊಳದಲ್ಲೂ ಅಳೆದು ಯಾವುದು ಹೆಚ್ಚು ಎಂದರೆ ಯಾರೂ ಉತ್ತರ ಹೇಳಲಾರರು.

ಜಲಪಾತಗಳಿಗೇ ಬರೋಣ. ಕಾವೇರಿ ಇಲ್ಲಿ ಎರಡು ಕವಲಾಗಿ ದ್ವೀಪವನ್ನು ಬಳಸಿ ಹರಿಯುತ್ತದೆ. ಪಶ್ಚಿಮದ ಕವಲು ಗಗನಚುಕ್ಕಿ, ಪೂರ್ವದ್ದು ಭರಚುಕ್ಕಿ. ನೋಡುವ ಬಗೆಯನ್ನು ಅಳತೆಯಾಗಿ ಇಟ್ಟುಕೊಂಡರೆ, ಗಗನಚುಕ್ಕಿಯನ್ನು ಮಳವಳ್ಳಿ ಕಡೆಯ ವೀಕ್ಷಣಾ ಜಾಗದಿಂದ, ಕಣಿವೆಯ ಈಚೆ ನಿಂತು ದೂರದಿಂದ ನೋಡಬೇಕು. ಭರಚುಕ್ಕಿಯಲ್ಲಿ ಮೆಟ್ಟಿಲಿಳಿದು ನೀರಿನ ಹತ್ತಿರಕ್ಕೆ ಹೋಗುವ ದಾರಿ ಇದೆ. ಬೀಳುವ ಬಗೆಯನ್ನು ಅಳತೆ ಮಾಡಿಕೊಂಡರೆ, ಗಗನಚುಕ್ಕಿ ಇಕ್ಕಟ್ಟಿನಲ್ಲಿ ಒತ್ತೊತ್ತಾಗಿ ಧುಮುಕುತ್ತದೆ, ಭರಚುಕ್ಕಿ ಅಗಲವಾಗಿ ಹರಡಿ ಹಲವು ಧಾರೆಗಳಲ್ಲಿ ಇಳಿಯುತ್ತದೆ. ಆಡಳಿತವನ್ನು ಅಳತೆ ಮಾಡಿಕೊಂಡರೆ, ಗಗನಚುಕ್ಕಿಯನ್ನು ನೋಡುವುದು ಮಂಡ್ಯ ಜಿಲ್ಲೆಯಿಂದ, ಭರಚುಕ್ಕಿ ಚಾಮರಾಜನಗರ ಜಿಲ್ಲೆಯದು. ಮೂರು ಅಳತೆ, ಮೂರು ಜೋಡಿ. ಪ್ರತಿ ಜೋಡಿಯ ನಡುವೆಯೂ ‘ಇನ್ ಕಾಂಟ್ರಾಸ್ಟ್’ ಸಲೀಸಾಗಿ ಕೂರುತ್ತದೆ. ಹುಡುಗಿ ಮಾಡಿದ್ದು ಒಂದು ಜೋಡಿಯ ಮೊದಲರ್ಧವನ್ನು ಇನ್ನೊಂದು ಜೋಡಿಯ ಕೊನೆಯರ್ಧಕ್ಕೆ ಗಂಟು ಹಾಕಿದ್ದು.

ಇನ್ನೊಂದು ತೊಡಕು ನಮ್ಮ ಭಾಷೆಯ ಜಾಯಮಾನದಿಂದ ಬರುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಶಾಲೆಯಲ್ಲಿ ಇದನ್ನು ಹೇಳುವವರು ಕಡಿಮೆ. ಇಂಗ್ಲಿಷ್ ಹೋಲಿಕೆಗೆ ಒಂದು ಬಿಡಿ ಪದವನ್ನು ತಂದು ವಾಕ್ಯದ ತಲೆಯ ಮೇಲೆ ಇಡುತ್ತದೆ. ಕನ್ನಡ ಅದೇ ಕೆಲಸವನ್ನು ನಾಮಪದಕ್ಕೆ ಒಂದು ಪುಟ್ಟ ಬಾಲ ಅಂಟಿಸಿ ಮುಗಿಸುತ್ತದೆ. ‘ಶ್ರೀರಂಗಪಟ್ಟಣ ಕಾವೇರಿಯ ದ್ವೀಪ. ಶಿವನಸಮುದ್ರವೂ ಕಾವೇರಿಯ ದ್ವೀಪ.’ ಆ ‘ಊ’ ಒಂದೇ ಸಾಕು. ಇಂಗ್ಲಿಷಿನಲ್ಲಿ ಆ ‘ಊ’ದ ಜಾಗಕ್ಕೆ ‘ಸಿಮಿಲರ್ಲಿ’ ಅಥವಾ ‘ಲೈಕ್‌ವೈಸ್’ ಬರುತ್ತದೆ. ‘ಭರಚುಕ್ಕಿ ಮಾತ್ರ ಹರಡಿಕೊಂಡಿದೆ’ ಎಂಬಲ್ಲಿಯ ‘ಮಾತ್ರ’, ‘ಭರಚುಕ್ಕಿಯಾದರೋ’ ಎಂಬಲ್ಲಿಯ ‘ಆದರೋ’ ಇವು ವ್ಯತ್ಯಾಸದ ಬಾಲಗಳು. ಬಾಲಗಳು ಚಿಕ್ಕವು, ಮಾತಿನ ಓಟದಲ್ಲಿ ಕಿವಿಗೆ ಬೀಳುವುದಿಲ್ಲ. ಮಗು ಮನಸ್ಸಿನಲ್ಲೇ ಕನ್ನಡದಿಂದ ಇಂಗ್ಲಿಷಿಗೆ ಬರುವಾಗ ಅವು ದಾರಿಯಲ್ಲಿ ಉದುರಿಹೋಗುತ್ತವೆ. ಉಳಿಯುವುದು ‘ಮತ್ತು’, ‘ಆದರೆ’ ಎರಡೇ. ಅದಕ್ಕೇ ಅನೇಕ ಮಕ್ಕಳ ಪ್ರಬಂಧದ ಉದ್ದಕ್ಕೂ ‘ಆ್ಯಂಡ್’, ‘ಬಟ್’ ಬಿಟ್ಟರೆ ಬೇರೆ ಕಾಣುವುದಿಲ್ಲ. ಇದು ದಡ್ಡತನ ಅಲ್ಲ.

ಇಂಗ್ಲಿಷ್ ಪದವೂ ಯಾವಾಗಲೂ ತಲೆಯ ಮೇಲೇ ಕೂರಬೇಕಿಲ್ಲ. ‘ಭರಚುಕ್ಕಿ, ಹೌಎವರ್, ಈಸ್ ವೈಡ್’ ಎಂದು ನಮ್ಮ ‘ಮಾತ್ರ’ದ ಹಾಗೆಯೇ ಹೆಸರಿನ ಬೆನ್ನಿಗೂ ಬರುತ್ತದೆ. ಕನ್ನಡದ ಮಕ್ಕಳಿಗೆ ಈ ರೂಪ ಬೇಗ ಒಗ್ಗುವುದನ್ನು ನಾನು ಕಂಡಿದ್ದೇನೆ.

ಈಗ ಅರ್ಥದ ಸೂಕ್ಷ್ಮಗಳಿಗೆ ಬರುತ್ತೇನೆ. ಎಲ್ಲ ಪದಗಳೂ ಬೇಡ, ಹೆಚ್ಚು ತಪ್ಪುವ ಕೆಲವು ಸಾಕು.

‘ಸಿಮಿಲರ್ಲಿ’ ಬರುವುದು ಒಂದು ವಸ್ತುವಿನ ಬಗ್ಗೆ ಹೇಳಿದ ಮಾತನ್ನೇ ಇನ್ನೊಂದು ವಸ್ತುವಿನ ಬಗ್ಗೆಯೂ ಹೇಳುವಾಗ. ಶ್ರೀರಂಗಪಟ್ಟಣದಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂರೂ ಕಾವೇರಿಯ ದ್ವೀಪಗಳಲ್ಲಿರುವ ರಂಗನಾಥನ ಗುಡಿಗಳು. ಇಲ್ಲಿ ‘ಸಿಮಿಲರ್ಲಿ’ ಸರಿಯಾಗಿ ಹೊಂದುತ್ತದೆ. ಆದರೆ ಮಕ್ಕಳು ಒಂದೇ ವಸ್ತುವಿನ ಬಗ್ಗೆ ಇನ್ನೊಂದು ಸಂಗತಿ ಸೇರಿಸುವಾಗಲೂ ಇದನ್ನೇ ಬಳಸುತ್ತಾರೆ: ‘ಶಿವನಸಮುದ್ರದಲ್ಲಿ ಜಲಪಾತವಿದೆ. ಸಿಮಿಲರ್ಲಿ, ಅಲ್ಲಿ ವಿದ್ಯುತ್ ಕೇಂದ್ರವಿದೆ.’ ಇದು ಸಾಮ್ಯವಲ್ಲ, ಸೇರ್ಪಡೆ. ಅಲ್ಲಿ ‘ಆಲ್ಸೋ’ ಸಾಕು. ಪರೀಕ್ಷೆ ಸುಲಭ: ಕನ್ನಡದಲ್ಲಿ ಹೇಳಿದಾಗ ‘ಊ’ ಯಾವುದಕ್ಕೆ ಅಂಟುತ್ತದೆ ನೋಡಿ. ‘ಶಿವನಸಮುದ್ರವೂ’ ಎಂದು ಹೊಸ ಹೆಸರಿಗೆ ಅಂಟಿದರೆ ಸಿಮಿಲರ್ಲಿ. ‘ವಿದ್ಯುತ್ ಕೇಂದ್ರವೂ’ ಎಂದು ಹೊಸ ಸಂಗತಿಗೆ ಅಂಟಿದರೆ ಆಲ್ಸೋ.

‘ಹೌಎವರ್’ ಹಿಂದೆ ನಮ್ಮ ಎರಡು ಪದಗಳು ಅಡಗಿವೆ, ‘ಆದರೆ’ ಮತ್ತು ‘ಆದರೂ’. ಬರೀ ವ್ಯತ್ಯಾಸಕ್ಕೆ ‘ಆದರೆ’. ನಿರೀಕ್ಷೆ ತಲೆಕೆಳಗಾದಾಗ ‘ಆದರೂ’. ಶಿವನಸಮುದ್ರದಲ್ಲಿ 1902ರಲ್ಲಿ ನೀರಿನಿಂದ ವಿದ್ಯುತ್ ಉತ್ಪಾದನೆ ಶುರುವಾಯಿತು. ಇಲ್ಲಿಂದ ಕೋಲಾರದ ಚಿನ್ನದ ಗಣಿಗಿಂತ ಬೆಂಗಳೂರು ಹತ್ತಿರ. ಆದರೂ ವಿದ್ಯುತ್ ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಈ ‘ಆದರೂ’ ಇರುವ ಕಡೆ ‘ಹೌಎವರ್’ ನಡೆಯುತ್ತದೆ, ‘ನೆವರ್‌ದಲೆಸ್’ ಇನ್ನೂ ಬಿಗಿಯಾಗಿ ಕೂರುತ್ತದೆ, ‘ಇನ್ ಕಾಂಟ್ರಾಸ್ಟ್’ ಮಾತ್ರ ಸಲ್ಲದು. ಮಗು ಇಂಥ ‘ಆದರೂ’ ಬರೆದಾಗ ‘ಯಾಕೆ?’ ಎಂದು ಒಂದು ಸಲ ಕೇಳಿ. ಗಣಿಯ ಯಂತ್ರಗಳಿಗೆ ಶಕ್ತಿ ಬೇಕಿತ್ತು, ಅದನ್ನು ದುಡ್ಡು ಕೊಟ್ಟು ಕೊಳ್ಳುವ ತಾಕತ್ತು ಗಣಿ ಕಂಪನಿಗಳಿಗಿತ್ತು. ಪ್ರಬಂಧದ ಮುಂದಿನ ವಾಕ್ಯ ಆ ಉತ್ತರದಲ್ಲೇ ಸಿಗುತ್ತದೆ.

‘ಆನ್ ದಿ ಕಾಂಟ್ರರಿ’ ಎಂಬುದನ್ನು ‘ಆನ್ ದಿ ಅದರ್ ಹ್ಯಾಂಡ್’ ಇರಬೇಕಾದ ಕಡೆ ಹಾಕುವುದು ಮಕ್ಕಳಲ್ಲಷ್ಟೇ ಅಲ್ಲ, ಪದವೀಧರರಲ್ಲೂ ಕಾಣುವ ತಪ್ಪು. ‘ಆನ್ ದಿ ಕಾಂಟ್ರರಿ’ ಎರಡು ವಸ್ತುಗಳನ್ನು ಹೋಲಿಸುವ ಮಾತೇ ಅಲ್ಲ. ಯಾರೋ ಹೇಳಿದ ಅಥವಾ ತಿಳಿದುಕೊಂಡ ವಿಚಾರವನ್ನು ಅಲ್ಲಗಳೆದು, ಅದರ ಬದಲು ನಿಜ ಏನೆಂದು ಹೇಳುವ ಮಾತು. ನಮ್ಮ ‘ಅಲ್ಲ, ಬದಲಿಗೆ’ ಇದ್ದ ಹಾಗೆ. ‘ಗಗನಚುಕ್ಕಿ ವರ್ಷವಿಡೀ ಭೋರ್ಗರೆಯುವುದಿಲ್ಲ. ಬದಲಿಗೆ ಬೇಸಿಗೆಯಲ್ಲಿ ಬಂಡೆಗಳೇ ಎದ್ದು ಕಾಣುತ್ತವೆ.’ ಇಲ್ಲಿ ಅದು ಸರಿ. ಗಗನಚುಕ್ಕಿಗೂ ಭರಚುಕ್ಕಿಗೂ ನಡುವೆ ಅದನ್ನು ಇಡುವಂತಿಲ್ಲ.

ಇನ್ನು ವಿರಾಮಚಿಹ್ನೆ. ಶಿವನಸಮುದ್ರದ ದ್ವೀಪಕ್ಕೆ ಕಲ್ಲುಕಂಬಗಳ ಹಳೆಯ ಸೇತುವೆ ಇರುವುದನ್ನು ನೀವು ನೋಡಿರಬಹುದು. ಊರಿನ ಹೆಸರು ಬರೆದು ದಾರಿ ತೋರುವ ಕೈಮರವನ್ನೂ ನೋಡಿದ್ದೀರಿ. ಸೇತುವೆ ಎರಡು ದಡಗಳನ್ನು ಹಿಡಿದು ಕೂಡಿಸುತ್ತದೆ, ಕೈಮರ ದಾರಿ ತೋರಿಸುತ್ತದೆ ಅಷ್ಟೆ. ‘ಬಟ್’, ‘ವೈಲ್’, ‘ವೇರ್‌ಆ್ಯಸ್’ ಸೇತುವೆಗಳು. ಎರಡು ಮಾತುಗಳನ್ನು ಒಂದೇ ವಾಕ್ಯವಾಗಿ ಕೂಡಿಸುತ್ತವೆ. ‘ಹೌಎವರ್’, ‘ಸಿಮಿಲರ್ಲಿ’, ‘ಇನ್ ಕಾಂಟ್ರಾಸ್ಟ್’ ಕೈಮರಗಳು. ಅವಕ್ಕೆ ಕೂಡಿಸುವ ಬಲವಿಲ್ಲ. ಆದ್ದರಿಂದ ವಾಕ್ಯದ ತಲೆಯ ಮೇಲೆ ಕೂತ ‘ಹೌಎವರ್’ ಹಿಂದೆ ಪೂರ್ಣವಿರಾಮ ಅಥವಾ ಅರ್ಧವಿರಾಮ ಬೇಕು, ಮುಂದೆ ಅಲ್ಪವಿರಾಮ ಬೇಕು. ಹಿಂದೆ ಬರೀ ಅಲ್ಪವಿರಾಮ ಹಾಕಿ ಎರಡು ವಾಕ್ಯಗಳನ್ನು ಅದರಿಂದ ಹೊಲಿದರೆ ಅಂಕ ಕಳೆಯುತ್ತಾರೆ. ಹಾಗೆಯೇ ‘ವೇರ್‌ಆ್ಯಸ್’ನಿಂದ ಶುರುವಾಗುವ ಅರ್ಧ ಮಾತನ್ನು ಒಂಟಿಯಾಗಿ ನಿಲ್ಲಿಸಬಾರದು. ಒಂದೇ ದಡದ ಸೇತುವೆ ಯಾರನ್ನೂ ದಾಟಿಸದು.

ಎಷ್ಟು ಕಲಿಸಬೇಕು ಎಂದು ಕೇಳುತ್ತೀರಿ. ಏಳನೇ ತರಗತಿಯವರೆಗೆ ‘ಬಟ್’, ‘ಆಲ್ಸೋ’ ಸರಿಯಾಗಿ ಬಂದರೆ ನಾನು ತೃಪ್ತ. ಹೈಸ್ಕೂಲಿನಲ್ಲಿ ‘ಸಿಮಿಲರ್ಲಿ’, ‘ಹೌಎವರ್’, ‘ಆನ್ ದಿ ಅದರ್ ಹ್ಯಾಂಡ್’, ‘ವೇರ್‌ಆ್ಯಸ್’ ನಾಲ್ಕೇ ನಾಲ್ಕು ಸಾಕು, ಅವು ಗಟ್ಟಿಯಾಗಲಿ. ಪ್ರತಿ ವಾಕ್ಯದ ತಲೆಗೂ ಒಂದೊಂದು ಪದ ಹೊರಿಸಿದ ಪ್ರಬಂಧ ಚೆನ್ನಾಗಿರುವುದಿಲ್ಲ. ಎರಡು ವಾಕ್ಯಗಳ ಸಂಬಂಧ ತಾನಾಗಿ ತಿಳಿಯುವ ಕಡೆ ಯಾವ ಪದವೂ ಬೇಕಿಲ್ಲ ಎಂಬುದನ್ನೂ ಮಗು ಕಲಿಯಬೇಕು. ಒಂದೇ ವಾಕ್ಯದಲ್ಲಿ ‘ಗಿಂತ’ ಹಾಕಿ ಮುಗಿಯುವುದಕ್ಕೆ ಲಿಂಕರ್ ಹುಡುಕುವುದು ವ್ಯರ್ಥ.

ಮನೆಯ ಅಭ್ಯಾಸಕ್ಕೆ ಪುಸ್ತಕ ಬೇಕಾಗಿಲ್ಲ. ಮದ್ದೂರು ವಡೆಯನ್ನೂ ಉದ್ದಿನ ವಡೆಯನ್ನೂ ತಟ್ಟೆಯಲ್ಲಿಟ್ಟು ಕೇಳಿ. ಹಿಟ್ಟು ಯಾವುದು? ಒಂದಕ್ಕೆ ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ, ಇನ್ನೊಂದಕ್ಕೆ ನೆನೆಸಿ ರುಬ್ಬಿದ ಉದ್ದು. ಆಕಾರ? ಒಂದು ಚಪ್ಪಟೆ, ಇನ್ನೊಂದಕ್ಕೆ ನಡುವೆ ತೂತು. ಎರಡನ್ನೂ ಬೇಯಿಸುವುದು ಎಣ್ಣೆಯಲ್ಲೇ. ಅಲ್ಲಿಗೆ ಎರಡು ವ್ಯತ್ಯಾಸ, ಒಂದು ಸಾಮ್ಯ ಸಿಕ್ಕಿತು. ಗದ್ದೆಯ ಕೆಲಸದವರು ಕಬ್ಬಿನ ಬಗ್ಗೆಯೂ ಭತ್ತದ ಬಗ್ಗೆಯೂ ಕೇಳಿ: ಎಷ್ಟು ತಿಂಗಳ ಬೆಳೆ, ಎಷ್ಟು ನೀರು, ದುಡ್ಡು ಕೈಗೆ ಯಾವಾಗ? ಮಗು ಕನ್ನಡದಲ್ಲಿ ಉತ್ತರ ಹೇಳಲಿ. ‘ಯಾವ ಅಳತೆಯಲ್ಲಿ ಹೇಳಿದೆ ಕಂದ?’ ಎಂದು ಒಂದು ಮಾತು ಕೇಳಿ. ಅಳತೆಯ ಹೆಸರು ಅದರ ಬಾಯಲ್ಲಿ ಬಂದ ಮೇಲೆ ಇಂಗ್ಲಿಷ್ ಪದ ಹುಡುಕಿಕೊಡುವುದು ನಮ್ಮ ಕೆಲಸ, ಶಿಕ್ಷಕರ ಕೆಲಸ.

ಆ ಹುಡುಗಿ ಮರುವಾರ ತಿದ್ದಿ ತಂದದ್ದು ಇದು: ‘ಗಗನಚುಕ್ಕಿ ಈಸ್ ಸೀನ್ ಫ್ರಮ್ ಎ ಡಿಸ್ಟನ್ಸ್. ಅಟ್ ಭರಚುಕ್ಕಿ, ಆನ್ ದಿ ಅದರ್ ಹ್ಯಾಂಡ್, ವಿ ಕ್ಯಾನ್ ಗೋ ನಿಯರ್ ದಿ ವಾಟರ್.’ ಹಿಂದಿನ ಭಾನುವಾರ ತಾಯಿ ಮಗಳು ಬಸ್ಸು ಹತ್ತಿ ಎರಡೂ ಕಡೆ ಹೋಗಿ ಬಂದಿದ್ದರಂತೆ.

ಈ ಮಳೆಗಾಲದಲ್ಲಿ ಕಾವೇರಿ ತುಂಬಿದಾಗ ನೀವೂ ಮಕ್ಕಳನ್ನು ಕರೆದುಕೊಂಡು ಹೋಗಿ. ಗಗನಚುಕ್ಕಿಯಲ್ಲಿ ಬೇಲಿ ದಾಟಿ ಬಂಡೆಗೆ ಇಳಿಯಲು ಬಿಡಬೇಡಿ. ಎರಡನ್ನೂ ನೋಡಿ ಮುಗಿದ ಮೇಲೆ, ಮನೆಗೆ ಬರುವ ಬಸ್ಸಿನಲ್ಲಿ, ಕನ್ನಡದಲ್ಲೇ ಹೋಲಿಸಿ ಹೇಳಿಸಿ.