ಮಾತಿಸನ ಚಿತ್ರದ ಪ್ರತಿಕೃತಿಯನ್ನು ಕೊಳ್ಳುವ ವಿಚಾರ

ನಮ್ಮ ಶಾಲೆಯ ವಾಚನಾಲಯದ ಗೋಡೆಗೆ ಒಂದು ಚಿತ್ರಪಟವನ್ನು ಕೊಡಬೇಕೆಂದು ಹಳೆಯ ವಿದ್ಯಾರ್ಥಿನಿಯರು ಮನಸ್ಸು ಮಾಡಿರುವರು. ಅದು ಫ್ರೆಂಚ್ ದೇಶದ ಆಧುನಿಕ ಚಿತ್ರಗಾರನಾದ ಹೆನ್ರಿ ಮಾತಿಸನ ಚಿತ್ರವಾಗಲಿ ಎಂಬುದು ಅವರಲ್ಲಿ ಹಲವರ ಇಚ್ಛೆ. ಆತನ ಕೈಯಿಂದ ಬಂದ ಮೂಲಚಿತ್ರವನ್ನು ಕೊಳ್ಳುವ ಶಕ್ತಿ ನಮ್ಮಂಥ ಶಾಲೆಗೆ ಎಲ್ಲಿಯದು? ನಾವು ಕೊಳ್ಳತಕ್ಕದ್ದು ಅಚ್ಚಾದ ಪ್ರತಿಕೃತಿಯನ್ನೇ. ಆದರೆ ಪ್ರತಿಕೃತಿಗಳಲ್ಲಿಯೂ ಬಹು ತರಗಳುಂಟು. ಹೆಸರುಗಳೋ ಅದಕ್ಕಿಂತಲೂ ಹೆಚ್ಚು. ಹಣವನ್ನು ಕೂಡಿಸುತ್ತಿರುವ ಸಹೋದರಿಯರಿಗೂ, ತಮ್ಮ ಮನೆಗಳಿಗೆ ಇಂಥ ಪಟಗಳನ್ನು ತರಿಸುವ ತಾಯಿತಂದೆಯರಿಗೂ ಪ್ರಯೋಜನವಾದೀತೆಂದು ಈ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮಾತಿಸನು ಹುಟ್ಟಿದ್ದು 1869ರಲ್ಲಿ, ಉತ್ತರ ಫ್ರಾನ್ಸಿನಲ್ಲಿ. ಬೆಳೆದದ್ದು ನೇಕಾರರ ಊರೊಂದರಲ್ಲಿ. ನ್ಯಾಯಶಾಸ್ತ್ರವನ್ನು ಓದಿ ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಈತನು ಇಪ್ಪತ್ತರ ಪ್ರಾಯದಲ್ಲಿ ಕರುಳಿನ ಬೇನೆಯಿಂದ ಮಲಗಿದ್ದಾಗ, ಬೇಸರ ಕಳೆಯಲೆಂದು ತಾಯಿಯು ಒಂದು ಬಣ್ಣದ ಪೆಟ್ಟಿಗೆಯನ್ನು ತಂದುಕೊಟ್ಟಳು. ಗುಮಾಸ್ತೆಗಿರಿ ಅಲ್ಲಿಗೆ ಮುಗಿದಂತಾಯಿತು. ಐವತ್ತು ವರ್ಷಗಳ ತರುವಾಯ ಮತ್ತೊಂದು ಕಾಯಿಲೆಯು ಆತನ ಕೆಲಸವನ್ನು ಮತ್ತೊಮ್ಮೆ ತಿರುಗಿಸಿತು. 1941ರಲ್ಲಿ ಲಿಯೋನ್ ಪಟ್ಟಣದಲ್ಲಿ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ, ಬಹುಕಾಲವನ್ನು ಹಾಸಿಗೆಯಲ್ಲಿಯೂ ಗಾಲಿಕುರ್ಚಿಯಲ್ಲಿಯೂ ಕಳೆಯಬೇಕಾದ ಆ ಮುದುಕನು ಕತ್ತರಿಯನ್ನು ಕೈಗೆತ್ತಿಕೊಂಡನು. ಸಹಾಯಕರು ಕಾಗದದ ಹಾಳೆಗಳಿಗೆ ಗೌಶ್ ಎಂಬ ದಟ್ಟವಾದ ನೀರುಬಣ್ಣವನ್ನು ಬಳಿದುಕೊಡುವರು. ಆತನು ಆ ಬಣ್ಣದೊಳಗೇ ಕತ್ತರಿಯನ್ನು ನಡೆಸಿ ಎಲೆ, ಹಕ್ಕಿ, ಕಡಲಪಾಚಿಗಳ ಆಕಾರಗಳನ್ನು ಬಿಡಿಸುವನು. 1954ರಲ್ಲಿ ತೀರಿಕೊಳ್ಳುವ ವರೆಗೂ ಈ ಕೆಲಸ ನಡೆಯಿತು.

ಪ್ರತಿಕೃತಿಯ ಪ್ರಶ್ನೆಯನ್ನು ಅರಿಯಬೇಕಾದರೆ ಈ ಕತ್ತರಿಕೆಲಸದಿಂದ ಹುಟ್ಟಿದ ಒಂದು ಪುಸ್ತಕದ ಕಥೆಯನ್ನು ಕೇಳಬೇಕು. ತೇರಿಯಾದ್ ಎಂಬ ಪ್ರಕಾಶಕನು 1947ರಲ್ಲಿ ಪ್ಯಾರಿಸಿನಲ್ಲಿ ‘ಜಾಝ್’ ಎಂಬ ಹೆಸರಿನಿಂದ ಅದನ್ನು ಹೊರಡಿಸಿದನು. ಚಿತ್ರಗಳು 20, ಮಾರಾಟಕ್ಕೆ ಅಚ್ಚಾದ ಪುಸ್ತಕಗಳು 250, ಇವಲ್ಲದೆ ಚಿತ್ರಗಳಷ್ಟೇ ಇರುವ 100 ಕಟ್ಟುಗಳು. ಇವನ್ನು ಯಂತ್ರದಲ್ಲಿ ಒತ್ತಲಿಲ್ಲ. ಒಂದೊಂದು ಆಕಾರಕ್ಕೂ ತೆಳುವಾದ ತಗಡನ್ನು ಕೊರೆದು, ಅದನ್ನು ಕಾಗದದ ಮೇಲಿಟ್ಟು, ಕಿಂಡಿಯ ಮೂಲಕ ಕುಂಚದಿಂದ ಬಣ್ಣವನ್ನು ತುಂಬಿದರು. ತೂತು ಕೊರೆದ ತಗಡಿನಿಂದ ರಂಗೋಲಿ ಹಾಕುವುದನ್ನು ಕಂಡವರಿಗೆ ಈ ವಿಧಾನವು ಹೊಸದಾಗಿ ತೋರದು. ಬಳಸಿದ ಬಣ್ಣವೂ ಮಾತಿಸನ ಕಾಗದಗಳಿಗೆ ಬಳಿದ ಅದೇ ಕಂಪನಿಯ ಬಣ್ಣವೇ. ಇದಕ್ಕಿಂತ ನಿಷ್ಠೆಯುಳ್ಳ ಪ್ರತಿಕೃತಿಯನ್ನು ಊಹಿಸುವುದು ಕಷ್ಟ. ಆದರೂ ಪುಸ್ತಕವು ಕೈಗೆ ಬಂದಾಗ ಮಾತಿಸನಿಗೆ ತೃಪ್ತಿಯಾಗಲಿಲ್ಲ. ಮಿತ್ರನೊಬ್ಬನಿಗೆ ಬರೆದ ಪತ್ರದಲ್ಲಿ ತನ್ನ ನಿರಾಶೆಯನ್ನು ಮುಚ್ಚಿಡದೆ ತಿಳಿಸಿದನು. ಒಂದರ ಮೇಲೊಂದು ಅಂಟಿಸಿದ ಕಾಗದದ ಅಂಚು, ಅದರ ಕಿರುನೆರಳು, ಕತ್ತರಿಯ ಕೈವಾಡ, ಇವು ಸಪಾಟಾದ ಹಾಳೆಗೆ ಇಳಿದು ಬರಲಿಲ್ಲ. ಮಾಡಿದವನೇ ಕೊರತೆಯನ್ನು ಕಂಡ ಈ ಹಾಳೆಗಳನ್ನು ಇಂದು ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳು ಜೋಪಾನವಾಗಿ ಇಟ್ಟುಕೊಂಡಿವೆ. ಆದುದರಿಂದ ಪ್ರತಿಕೃತಿಯಲ್ಲಿ ಕೊರತೆ ಇದೆಯೇ ಎಂದು ಕೇಳುವುದು ವ್ಯರ್ಥ; ಕೊರತೆಯು ಇದ್ದೇ ಇರುವುದು. ನಮ್ಮ ಗೋಡೆಗೆ ಬರುವ ಪಟದಲ್ಲಿ ಯಾವುದು ಉಳಿದು ಬಂದಿದೆ ಎಂಬುದನ್ನೇ ಕೇಳಬೇಕು.

ಇನ್ನು ಹೆಸರುಗಳ ಮಾತು. ಕಲ್ಲಚ್ಚು ನಮ್ಮ ನಾಡಿಗೆ ಹೊಸದಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿಯೇ ಅಚ್ಚಾಯಿತು. ಚಿತ್ರಗಾರನು ತಾನೇ ಕಲ್ಲಿನ ಮೇಲೆ ಬರೆದು, ಒತ್ತಿಸಿ, ಒಪ್ಪಿ ರುಜು ಹಾಕಿದ ಹಾಳೆಯು ಅಚ್ಚಾದುದಾದರೂ ಮೂಲಕೃತಿಯೇ. ಬೇರೊಬ್ಬ ಕುಶಲಿಯು ಆತನ ಚಿತ್ರವನ್ನು ನೋಡಿ ಕಲ್ಲಿಗೆ ಇಳಿಸಿದರೆ ಅದು ‘ಮಾತಿಸನನ್ನು ಅನುಸರಿಸಿದ’ ಕಲ್ಲಚ್ಚು. ಛಾಯಾಚಿತ್ರದಿಂದ ಯಂತ್ರದಲ್ಲಿ ಅಚ್ಚಾದದ್ದು ಬರೀ ಪ್ರತಿಕೃತಿ. ಈ ಮೂರನ್ನೂ ಅಂಗಡಿಯವನು ಒಂದೇ ಮಾತಿನಿಂದ ‘ಪ್ರಿಂಟ್’ ಎಂದು ಕರೆಯುತ್ತಾನೆ. ಅಲ್ಲಿಯೇ ಮೋಸಕ್ಕೆ ಎಡೆಯಾಗುವುದು. 1994ರಲ್ಲಿ ಅಲ್ಲ, ಅದಕ್ಕೂ ನೂರು ವರ್ಷ ಹಿಂದೆ, 1894ರಲ್ಲಿ ರವಿವರ್ಮನು ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಹೊರಟ ಬಣ್ಣದ ಪಟಗಳು ಎಷ್ಟೋ ಮನೆಗಳ ಗೋಡೆಗಳಲ್ಲಿದ್ದವು. ಅವನ್ನು ತೂಗುಹಾಕಿದ ಅಜ್ಜಿಯರಲ್ಲಿ ಒಬ್ಬರಾದರೂ ಅದು ರವಿವರ್ಮನ ಕೈಯ ಚಿತ್ರವೆಂದು ಹೇಳಿಕೊಂಡಿರಲಾರರು.

ಮುಖ್ಯವಾಗಿ ರುಜುವನ್ನು ಕಂಡು ಮರುಳಾಗಕೂಡದು. ಮೂಲಚಿತ್ರದಲ್ಲಿ ಮಾತಿಸನು ಹಾಕಿದ ರುಜುವು ಚಿತ್ರದೊಡನೆಯೇ ಅಚ್ಚಾಗಿ ಬರುವುದು. ಅದು ಆ ಹಾಳೆಗೆ ಹಾಕಿದ ರುಜುವಲ್ಲ. ಅಂಚಿನಲ್ಲಿ 12/500 ಎಂಬಂತೆ ಅಂಕೆಗಳಿದ್ದರೆ, ಅದು ಎಷ್ಟು ಹಾಳೆ ಅಚ್ಚು ಮಾಡಬೇಕೆಂದು ಮಾರುವವನು ಮಾಡಿಕೊಂಡ ಲೆಕ್ಕವಾಗಿರಬಹುದು. 1954ರ ನಂತರ ಅಚ್ಚಾದ ಯಾವ ಹಾಳೆಗೂ ಆತನು ರುಜು ಹಾಕಿರಲು ಸಾಧ್ಯವಿಲ್ಲವೆಂಬುದನ್ನು ನಮ್ಮ ಐದನೆಯ ತರಗತಿಯ ಹುಡುಗಿಯೂ ಹೇಳಬಲ್ಲಳು. ಆದರೆ ಕೊಳ್ಳುವ ಉತ್ಸಾಹದಲ್ಲಿ ದೊಡ್ಡವರು ಮರೆಯುವುದುಂಟು. ನಮ್ಮ ದೇಶದ ಕಾನೂನಿನಂತೆ ಆತನ ಕೃತಿಗಳ ಹಕ್ಕು 2014ರ ಕೊನೆಗೂ, ಫ್ರಾನ್ಸಿನಲ್ಲಿ 2024ರ ಕೊನೆಗೂ ಮುಗಿದಿದೆ. ಈಗ ಯಾರು ಬೇಕಾದರೂ ಅಚ್ಚು ಮಾಡಬಹುದಾದುದರಿಂದ ಒಳ್ಳೆಯದರೊಡನೆ ಕಳಪೆಯೂ ಹೆಚ್ಚಿದೆ.

ಕೈಯಲ್ಲೊಂದು ಭೂತಗನ್ನಡಿ ಇರಲಿ. ಸಾಲಾಗಿ ಜೋಡಿಸಿದ ಸಣ್ಣ ಚುಕ್ಕೆಗಳು ಕಂಡರೆ ಅದು ನಾಲ್ಕು ಮಸಿಗಳ ಯಂತ್ರದ ಅಚ್ಚು. ಹುಡಿ ಎರಚಿದಂತೆ ಅಸ್ತವ್ಯಸ್ತವಾದ ಕಣಗಳಿದ್ದರೆ ಗಣಕಯಂತ್ರದಿಂದ ಮಸಿ ಚಿಮ್ಮಿಸಿ ಮಾಡಿದ್ದು. ಎರಡನೆಯದರಲ್ಲಿ ಬೇಗ ಮಾಸದ ವರ್ಣದ್ರವ್ಯದ ಮಸಿಯನ್ನೂ ಆಮ್ಲವಿಲ್ಲದ ಕಾಗದವನ್ನೂ ಬಳಸಿದ್ದಾರೆಯೇ ಎಂದು ಕೇಳಿ ತಿಳಿಯತಕ್ಕದ್ದು. ನಾಲ್ಕು ಮಸಿಗಳಿಂದ ತೆಗೆಯಲಾಗದ ಬಣ್ಣಗಳೂ ಇವೆ. ಉರಿಯುವ ಕಿತ್ತಳೆ, ಗಾಢವಾದ ಹಸಿರು, ಶುದ್ಧವಾದ ನೀಲಿ. ಮಾತಿಸನ ಚಿತ್ರಗಳ ಜೀವವೇ ಇವು. ಆದ್ದರಿಂದ ಕಂದುಬಣ್ಣದ ಹಳೆಯ ಚಿತ್ರಗಳಿಗಿಂತ ಈತನ ಚಿತ್ರಗಳು ಕೆಟ್ಟ ಅಚ್ಚಿನಲ್ಲಿ ಬೇಗ ಸಾಯುತ್ತವೆ.

ಯಾವ ಚಿತ್ರವನ್ನು ಆರಿಸಬೇಕು? ಹಲವರು ‘ಹೊಂಬಣ್ಣದ ಮೀನು’ಗಳನ್ನು ಕೇಳಿದ್ದಾರೆ. 1912ರಲ್ಲಿ ಬರೆದ ಆ ತೈಲಚಿತ್ರವು ಮಾಸ್ಕೋ ನಗರದ ಪುಷ್ಕಿನ್ ವಸ್ತುಸಂಗ್ರಹಾಲಯದಲ್ಲಿದೆ. ಗಾಜಿನ ಪಾತ್ರೆಯಲ್ಲಿ ನಾಲ್ಕು ಮೀನುಗಳು. ಪಕ್ಕದಿಂದ ನೋಡಿದಂತೆ ಗಾಜಿನೊಳಗೂ, ಮೇಲಿನಿಂದ ನೋಡಿದಂತೆ ನೀರಿನ ಮೇಲೂ ಅವು ತೋರುವುವು. ಸುತ್ತಲಿನ ಹಸಿರು ಆ ಕೆಂಪನ್ನು ಇಮ್ಮಡಿಗೊಳಿಸುವುದು. ಸುಂದರವಾದ ಚಿತ್ರವೇ ಸರಿ. ಆದರೆ ಅದು ಒಂದು ಹುಡುಗಿಯ ಎತ್ತರಕ್ಕೆ ಸಮೀಪವಾದ ಚಿತ್ರ. ನಮಗೆ ಬರುವುದು ಎರಡಡಿಯದು. 1953ರ ‘ಬಸವನಹುಳು’ವಂತೂ ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿ ಒಂದೊಂದು ಪಕ್ಕಕ್ಕೂ ಒಂಬತ್ತು ಅಡಿಗಿಂತ ಮಿಗಿಲಾಗಿದೆ. ಬಣ್ಣದ ಹರವು ಬದಲಾದರೆ ಬಣ್ಣವೇ ಬದಲಾಗುವುದೆಂದು ಮಾತಿಸನು ನಂಬಿದ್ದನು. ಆ ಮಾತನ್ನು ಒಪ್ಪಿದರೆ, ಕುಗ್ಗಿಸಿದ ಪಟದಲ್ಲಿ ಕಾಣುವುದು ಬೇರೆಯೇ ಚಿತ್ರ.

ನನ್ನ ಒಲವು ‘ಜಾಝ್’ ಪುಸ್ತಕದ ‘ಹಿನ್ನೀರು’ ಚಿತ್ರಗಳಲ್ಲೊಂದರ ಕಡೆಗೆ. 1930ರಲ್ಲಿ ಟಹೀಟಿ ದ್ವೀಪಕ್ಕೆ ಹೋಗಿದ್ದಾಗ ಕಂಡ ಕಡಲ ನೀರನ್ನು ನೆನೆದು ಕತ್ತರಿಸಿದವು ಅವು. ಅಚ್ಚಾಗಬೇಕೆಂದೇ ಮಾಡಿದ ಚಿತ್ರವಾದುದರಿಂದ ಅಚ್ಚಿನಲ್ಲಿ ಅದಕ್ಕೆ ಆಗುವ ನಷ್ಟವು ಕಡಿಮೆ. ಎರಡು ಪುಟಗಳ ಹಾಳೆಯು ಸುಮಾರು 42 ಸೆಂಟಿಮೀಟರ್ ಎತ್ತರ, 65 ಸೆಂಟಿಮೀಟರ್ ಅಗಲ. ನಿಜವಾದ ಅಳತೆಯಲ್ಲಿಯೇ ನಮ್ಮ ಗೋಡೆಗೆ ಹಿಡಿಸುವುದು. ಕತ್ತರಿಯ ಕೆಲಸವನ್ನು ಬಲ್ಲ ಹುಡುಗಿಯರಿಗೆ ಅದರ ಮುಂದೆ ನಿಂತು ಕೇಳಲು ಪ್ರಶ್ನೆಗಳೂ ದೊರೆಯುವುವು. ತರಿಸುವಾಗ ಅಂಚುಗಳನ್ನು ಕತ್ತರಿಸಿ ಕಿರಿದು ಮಾಡಿಲ್ಲವೆಂದು ಅಳತೆಯಿಂದಲೇ ಖಚಿತಪಡಿಸಿಕೊಳ್ಳಬೇಕು.

ಕಟ್ಟು ಹಾಕಿಸುವಾಗ ಪಟವನ್ನು ಹಲಗೆಗೆ ಅಂಟಿಸಲು ಬಿಡಕೂಡದು. ನಡುವೆ ಕಿಂಡಿ ಕೊರೆದ ದಪ್ಪ ಕಾಗದದ ಮೌಂಟ್ ಇದ್ದರೆ ಗಾಜು ಚಿತ್ರವನ್ನು ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಗಾಜಿಗೆ ಮೆತ್ತಿಕೊಂಡ ಹಾಳೆಯನ್ನು ಬಿಡಿಸುವುದು ಸಾಧ್ಯವಾಗದು. ಕಟ್ಟಿನ ಹಿಂದಿನ ಮೂಲೆಗಳಿಗೆ ಬೆಂಡಿನ ತುಂಡುಗಳನ್ನು ಹಚ್ಚಿದರೆ ಗೋಡೆಯ ತೇವವು ತಾಗದೆ ಗಾಳಿಯಾಡುವುದು. ವಾಚನಾಲಯದ ಪಶ್ಚಿಮದ ಕಿಟಕಿಯ ಬಿಸಿಲು ಬೀಳುವ ಗೋಡೆಯು ಬೇಡ. ಪುಸ್ತಕದ ಬೀರುಗಳ ಪಕ್ಕದ ಉತ್ತರದ ಗೋಡೆಯು ತಕ್ಕದ್ದು.

ಪಟದ ಕೆಳಗೆ ಒಂದು ಚೀಟಿಯನ್ನು ಹಚ್ಚಿಸೋಣ. ಅದರಲ್ಲಿ ಚಿತ್ರಗಾರನ ಹೆಸರು, ಪುಸ್ತಕದ ಹೆಸರು, 1947 ಎಂಬ ವರ್ಷ, ಕೊಟ್ಟವರ ಹೆಸರು ಇರಲಿ. ‘ಪ್ರತಿಕೃತಿ’ ಎಂಬ ಪದವನ್ನೂ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಬರೆಯಿಸೋಣ.